ಹೆಂಡತಿ ಹುಡುಕೋಕೆ 16 ಪುಟದ ಪ್ರಶ್ನಾವಳಿ: ‘ದ ರೋಸಿ ಪ್ರಾಜೆಕ್ಟ್’ ಓದಿ ನಕ್ಕವ್ರು ಯಾರ್ಯಾರಿದೀರಾ?

ಕಾಫಿಪುಡಿ:
ಗ್ರೇಮ್ ಸಿಮ್ಸಿಯನ್ ಅನ್ನೋ ಆಸ್ಟ್ರೇಲಿಯಾ ಲೇಖಕರ ದ ರೋಸಿ ಪ್ರಾಜೆಕ್ಟ್ ನಿನ್ನೆ ರಾತ್ರಿ ಮುಗೀತು. 2013ರ ಪುಸ್ತಕ, ಊರೆಲ್ಲ ಓದಿ ಮುಗಿಸಿದ ಮೇಲೆ ನನ್ ಕೈಗೆ ಸಿಕ್ಕಿದ್ದು. ಒಬ್ಳೇ ಕೂತು ಕಿಸಿಕಿಸಿ ನಗ್ತಿದ್ರೆ ನಮ್ಮತ್ತೆ ಅಡುಗೆಮನೆಯಿಂದ ಬಂದು ಬಂದು ಏನಾಯ್ತೇ ನಿಂಗೆ ಅಂತ ಕೇಳ್ತಿದ್ರು, ಹೇಳೋಣ ಅಂದ್ರೆ ಎಲ್ಲಿಂದ ಶುರು ಮಾಡೋದು ಗೊತ್ತಾಗ್ದೆ ಸುಮ್ನಾದೆ. ಇಲ್ಲಾದ್ರೂ ಮಾತಾಡೋಣ.

ಓದಿಲ್ದೇ ಇರೋರಿಗೆ ಕತೆ ಇಷ್ಟು. ಮೆಲ್ಬರ್ನಲ್ಲಿ ಡಾನ್ ಟಿಲ್‌ಮನ್ ಅಂತ ಒಬ್ಬ ಜೆನೆಟಿಕ್ಸ್ ಪ್ರೊಫೆಸರ್, 39 ವರ್ಷ, ಮಹಾ ಬುದ್ಧಿವಂತ, ಫಿಟ್ ಆಗಿದಾನೆ, ಅಡುಗೆ ಬೇರೆ ಚೆನ್ನಾಗಿ ಮಾಡ್ತಾನೆ, ಆದ್ರೆ ಇದುವರೆಗೂ ಯಾವ ಹೆಣ್ಣಿನ ಜೊತೆನೂ ಎರಡನೇ ಡೇಟ್‌ವರೆಗೆ ಹೋಗಿಲ್ಲ. ಯಾಕೆ ಅಂತ ಮೂರು ಪುಟ ಓದಿದ್ರೆ ನಿಮ್ಗೇ ಗೊತ್ತಾಗತ್ತೆ. ದಿನದ ಪ್ರತಿ ನಿಮಿಷಕ್ಕೂ ವೇಳಾಪಟ್ಟಿ, ವಾರದ ಏಳು ದಿನಕ್ಕೂ ಫಿಕ್ಸ್ ಆದ ಅಡುಗೆ, ಮಂಗಳವಾರ ಅಂದ್ರೆ ಲಾಬ್ಸ್ಟರ್, ಅದು ಸೂರ್ಯ ಮುಳುಗಿದಷ್ಟೇ ಖಚಿತ. ಇವ್ನು ಮದುವೆ ಆಗ್ಬೇಕು ಅಂತ ತೀರ್ಮಾನ ಮಾಡಿ, ಅದಕ್ಕೆ ‘ವೈಫ್ ಪ್ರಾಜೆಕ್ಟ್’ ಅಂತ ಹೆಸರಿಟ್ಟು, 16 ಪುಟದ ಪ್ರಶ್ನಾವಳಿ ತಯಾರ್ ಮಾಡ್ತಾನೆ. ಸಿಗರೇಟ್ ಸೇದೋರು ಔಟ್, ಲೇಟಾಗಿ ಬರೋರು ಔಟ್, ಐಸ್‌ಕ್ರೀಮಲ್ಲಿ ಇಂಥದ್ದೇ ಫ್ಲೇವರ್ ಬೇಕು ಅನ್ನೋರು ಔಟ್. ಅಷ್ಟೊತ್ತಿಗೆ ರೋಸಿ ಬರ್ತಾಳೆ. ಬಾರಲ್ಲಿ ಕೆಲ್ಸ, ಸಿಗರೇಟ್ ಸೇದ್ತಾಳೆ, ಟೈಮ್ ಸೆನ್ಸ್ ಇಲ್ಲ, ಸಾಲದು ಅಂತ ಸಸ್ಯಾಹಾರಿ. ಅವ್ಳಿಗೆ ಗಂಡ ಬೇಕಾಗಿಲ್ಲ, ತನ್ನ ಹೆತ್ತ ಅಪ್ಪ ಯಾರು ಅಂತ ಗೊತ್ತಾಗ್ಬೇಕು, ಡಾನ್ ಜೆನೆಟಿಕ್ಸ್ ಮೇಷ್ಟ್ರು. ಮುಂದೆ ನೀವೇ ಓದ್ಕೊಳಿ.

ನಂಗೆ ಇದ್ರಲ್ಲಿ ತುಂಬ ಹಿಡಿಸಿದ್ದು ಡಾನ್ ಒಂದೇ ಒಂದು ಜೋಕ್ ಹೇಳಲ್ಲ. ಇಡೀ ಕತೆ ಅವ್ನೇ ಹೇಳೋದು, ಲ್ಯಾಬ್ ರಿಪೋರ್ಟ್ ಬರೆಯೋ ಗಾಂಭೀರ್ಯದಲ್ಲಿ ಹೇಳ್ತಾ ಹೋಗ್ತಾನೆ, ಅವ್ನಿಗೆ ತಾನು ಲವ್ವಲ್ಲಿ ಬಿದ್ದಿರೋದು ನಮಗಿಂತ ನೂರು ಪುಟ ಲೇಟಾಗಿ ಗೊತ್ತಾಗತ್ತೆ. ಆ ನೂರು ಪುಟ ನಾವು ಅಯ್ಯೋ ಮಂಕೇ, ಅದು ಪ್ರೀತಿ ಕಣೋ ಅಂತ ಪುಸ್ತಕಕ್ಕೆ ಬೈತಾ ಓದ್ತೀವಲ್ಲ, ಮಜಾ ಇರೋದೇ ಅಲ್ಲಿ.

ಒಂದು ಪ್ರಶ್ನೆನೂ ಇದೆ. ಆ ಪ್ರಶ್ನಾವಳಿ ನೋಡಿ ನಾವು ನಗ್ತೀವಿ. ಆದ್ರೆ ನಮ್ಮನೇಲಿ ನನ್ ಮದುವೆಗೆ ಮುಂಚೆ ಓಡಾಡಿದ ಬಯೋಡೇಟಾದಲ್ಲಿ ಗೋತ್ರ, ನಕ್ಷತ್ರ, ಪಾದ, ಎತ್ತರ, ‘ಗೋಧಿ ಬಣ್ಣ’ ಎಲ್ಲ ಇತ್ತು. ಹಂಗಾದ್ರೆ ಡಾನ್ ಮಾಡಿದ್ದ್ರಲ್ಲಿ ನಗೋ ಅಂಥದ್ದು ಏನಿದೆ?

ಇನ್ನೂ_ಬ್ಯಾಚುಲರ್:
ಏನಕ್ಕ ಗಾಯದ ಮೇಲೆ ಉಪ್ಪು ಹಾಕ್ತಿದೀರಾ 😭 16 ಪುಟ ಕಮ್ಮಿನೇ ಆಯ್ತು. ಮೊನ್ನೆ ಒಂದು ಕಡೆಯಿಂದ ಫೋನ್ ಮಾಡಿದೋರು ನನ್ನ ಸಿಟಿಸಿ ಎಷ್ಟು, ಅದ್ರಲ್ಲಿ ಕೈಗೆ ಬರೋದೆಷ್ಟು, ಮನೆ ಸ್ವಂತದ್ದಾ, ಸ್ವಂತ ಆದ್ರೆ ಎ ಖಾತಾನಾ ಬಿ ಖಾತಾನಾ ಅಂತೆಲ್ಲ ಕೇಳಿದ್ರು. ಹುಡುಗಿಗೆ ನನ್ ಹೆಸರು ಗೊತ್ತಿತ್ತೋ ಇಲ್ವೋ ಅನುಮಾನ.

ಧಾರವಾಡ_ಫೇಡೆ:
ಎ ಖಾತಾ 😂😂 ಡಾನ್‌ಗ ಇದು ಹೊಳೀಲಿಲ್ಲ ನೋಡ್ರಿ.

ಕಾಫಿಪುಡಿ ಅವ್ರ, ನಾನೂ ಓದೇನ್ರಿ ಇದನ್ನ. ಬೆಂಗಳೂರಿಂದ ಹುಬ್ಬಳ್ಳಿಗೆ ರಾತ್ರಿ ರೈಲಿನ್ಯಾಗ ಮ್ಯಾಲಿನ ಬರ್ಥ್‌ನ್ಯಾಗ ಮಕ್ಕೊಂಡು ಓದಾಕತ್ತಿದ್ದೆ, ಆ ಜಾಕೆಟ್ಟಿನ ಪ್ರಸಂಗ ಬಂತು, ನಗು ತಡಕೊಳ್ಳಾಕ ಆಗವಲ್ದು, ಕೆಳಗ ಮಲಗಿದ್ದ ಅಜ್ಜಾರು ಎದ್ದು ಲೈಟ್ ಹಾಕಿ ನನ್ನ ಮುಖಾ ನೋಡಿ ಮತ್ತ ಲೈಟ್ ಆರಿಸಿದ್ರು.

ಆ ಪ್ರಸಂಗ ಹೇಳಲೇಬೇಕ್ರಿ. ಡಾನ್ ರೋಸಿನ್ನ ಒಂದು ದೊಡ್ಡ ರೆಸ್ಟೋರಂಟಿಗೆ ಊಟಕ್ಕ ಕರದಿರ್ತಾನ. ಅಲ್ಲಿ ನಿಯಮ ಏನಂದ್ರ ಗಂಡಸರು ಜಾಕೆಟ್ ಹಾಕ್ಕೊಂಡ ಬರಬೇಕು. ಅವ್ರ ಅರ್ಥ ಸೂಟಿನ ಕೋಟು. ಇಂವ ಹಾಕ್ಕೊಂಡು ಹೋಗಿದ್ದು ಗೋರ್‌ಟೆಕ್ಸ್ ಜಾಕೆಟ್, ಮಳಿಗಾಲದಾಗ ಸೈಕಲ್ ಹೊಡಿಯವ್ರು ಹಾಕ್ಕೋತಾರಲ್ಲ, ಅಂಥಾದ್ದು. ಬಾಗಲದಾಗ ನಿಂತಾವ ಇದು ನಡಿಯೂದಿಲ್ಲ ಸರ ಅಂತಾನ. ಇಂವ ಯಾಕ ನಡಿಯೂದಿಲ್ಲ, ಇದು ಜಾಕೆಟ್ ಹೌದೋ ಅಲ್ಲೋ, ನಿಮ್ಮ ಕೋಟಿಗಿಂತ ಇದು ನೀರು ತಡೀತದ, ಗಾಳಿ ತಡೀತದ, ಹಂಗ ನೋಡಿದ್ರ ಎಲ್ಲಾ ರೀತಿಯಿಂದ್ಲೂ ನಂದ ಚಲೋ ಜಾಕೆಟ್ಟು ಅಂತ ಒಂದೊಂದ ಪಾಯಿಂಟ್ ಇಟ್ಟು ವಾದಾ ಮಾಡ್ತಾನ. ಸಿಟ್ಟಿಲ್ಲ, ಸೊಕ್ಕಿಲ್ಲ, ತಾನು ಸತ್ಯ ಹೇಳಿದ ಮ್ಯಾಲ ಎದರಿನಾಂವ ಒಪ್ಪಲೇಬೇಕು ಅನ್ನೂ ನಂಬಿಕಿ ಅಷ್ಟ. ಅವ್ರು ಕೈ ಹಚ್ಚಾಕ ಬರ್ತಾರ, ಇಂವಗ ಐಕಿಡೋ ಅನ್ನೂ ಜಪಾನಿ ಕುಸ್ತಿ ವಿದ್ಯಾ ಬರ್ತದ, ಮುಗೀತಲ್ರಿ. ಇಬ್ರನ್ನ ನೆಲಕ್ಕ ಕೆಡವಿ ಹಿಡಕೊಂಡು ಕುಂತಾಗ ಬರೋಬ್ಬರಿ ರೋಸಿ ಬರ್ತಾಳ.

ಇದರಾಗ ಯಾರದು ತಪ್ಪು ಅಂತ ನೀವ ಹೇಳ್ರಿ. ತರ್ಕದಾಗ ಡಾನ್ ಗೆದ್ದಾನ, ಊಟ ಮಾತ್ರ ಹೋತು.

ಕಾಫಿಪುಡಿ:
ಹೋಗ್ಲಿಲ್ಲ ಬಿಡಿ, ಊಟ ಡಾನ್ ಮನೆ ಬಾಲ್ಕನಿಲಿ ಆಯ್ತಲ್ಲ! ಅದೇ ನನ್ ಫೇವರಿಟ್ ಸೀನ್. ಲೇಟಾಗಿದೆ, ವೇಳಾಪಟ್ಟಿ ಪೂರ್ತಿ ಹಾಳಾಗಿದೆ ಅಂತ ಇವ್ನು ಒದ್ದಾಡ್ತಿದ್ರೆ ರೋಸಿ ಗಡಿಯಾರನೇ ಹಿಂದಕ್ಕೆ ತಿರುಗಿಸಿಬಿಡ್ತಾಳೆ, ಈಗ ಲೇಟೇ ಆಗಿಲ್ಲ, ಈ ಮನೇಲಿ ಇನ್ಮೇಲೆ ಇದೇ ಟೈಮು ಅಂತ. ಬೇರೆ ಯಾರಾದ್ರೂ ಆಗಿದ್ರೆ ಏನ್ ನಿನ್ ಟೈಮ್‌ಟೇಬಲ್ಲು ಅಂತ ರೇಗಿರ್ತಿದ್ರು ಇಲ್ಲಾ ನಕ್ಕಿರ್ತಿದ್ರು. ಇವ್ಳು ಅವ್ನ ನಿಯಮದ ಒಳಗೇ ಒಂದು ಕಿಂಡಿ ಮಾಡಿದ್ಳು. ಅಲ್ಲೇ ನಂಗೆ ಇವ್ರಿಬ್ರಿಗೂ ಆಗತ್ತೆ ಅನ್ನಿಸ್ತು.

ಕುಡ್ಲದ_ಗೋಳಿಬಜೆ:
ಎಂಥ ಮಾರಾಯ್ರೆ, ಎಲ್ರೂ ಹೊಗಳುವುದೇ? ನಾನು ಓದಿದ್ದೇನೆ, ನಗು ಬಂತು ಇಲ್ಲ ಅಂತ ಹೇಳುವುದಿಲ್ಲ, ಆದ್ರೆ ಎರಡು ವಿಷಯ ನಂಗೆ ಜೀರ್ಣ ಆಗ್ಲಿಲ್ಲ.

ಒಂದು, ಆ ಡಿಎನ್‌ಎ ಕದಿಯುವುದು. ರೋಸಿಯ ಅಮ್ಮನ ಮೆಡಿಕಲ್ ಕಾಲೇಜು ಬ್ಯಾಚಿನವರು ಸೇರಿದ ಪಾರ್ಟಿಗೆ ಇವರಿಬ್ರೂ ಡ್ರಿಂಕ್ಸ್ ಕೊಡುವವರ ಹಾಗೆ ಹೋಗುವುದು, ಕುಡಿದಿಟ್ಟ ಗ್ಲಾಸಿಂದ ಸ್ಯಾಂಪಲ್ ತೆಗೆಯುವುದು, ಆಮೇಲೆ ಟೆಸ್ಟ್ ಮಾಡುವುದು. ಪಾಪ ಆ ಡಾಕ್ಟರುಗಳ ಒಪ್ಪಿಗೆ ಬೇಡ್ವಾ? ಐಸ್‌ಕ್ರೀಮಿಗೂ ನಿಯಮ ಇರುವ ಮನುಷ್ಯ ಇದನ್ನು ಇಷ್ಟು ಸಲೀಸಾಗಿ ಮಾಡ್ತಾನೆ ಅಂದ್ರೆ ನಂಬುವುದು ಹೇಗೆ?

ಎರಡನೇದು ರೋಸಿ. ಅವಳು ಪಿಎಚ್‌ಡಿ ಮಾಡ್ತಾ ಇರುವವಳು, ಬಾರಿನ ಕೆಲ್ಸ ಹೊಟ್ಟೆಪಾಡಿಗೆ. ಆದ್ರೆ ಪುಸ್ತಕದಲ್ಲಿ ಅವಳ ಓದು ಎಲ್ಲಿ ಉಂಟು? ಡಾನ್ ಬದಲಾಗ್ಬೇಕು ಅಂತಲೇ ಅವಳನ್ನು ತಂದು ನಿಲ್ಲಿಸಿದ ಹಾಗೆ ಅನ್ನಿಸ್ತದೆ. ಹೆಸರು ಮಾತ್ರ ರೋಸಿ ಪ್ರಾಜೆಕ್ಟ್.

ಟ್ರಾಮ್_19:
ಮೆಲ್ಬರ್ನಿಂದ ಹಾಜರ್ 🙋 ಗೋಳಿಬಜೆ ಅವರೇ, ಡಿಎನ್‌ಎ ವಿಷಯ ನಿಜ, ಆದ್ರೆ ಅದು ಲೇಖಕರ ಕಣ್ತಪ್ಪು ಅಲ್ಲ ಅನ್ಸತ್ತೆ. ಡಾನ್‌ಗೆ ಅದು ತಪ್ಪು ಅಂತ ಚೆನ್ನಾಗಿ ಗೊತ್ತು, ತಾನು ಯಾಕೆ ಇದನ್ನ ಮಾಡ್ತಿದೀನಿ ಅಂತ ತನಗೇ ವಿವರಣೆ ಸಿಗದೆ ಒದ್ದಾಡ್ತಾನೆ. ನಿಯಮದ ಮನುಷ್ಯ ನಿಯಮ ಮುರೀತಾನೆ ಅಂದ್ರೆ ಏನೋ ಆಗಿದೆ ಅಂತ ನಮಗೆ ಸುಳಿವು. ಆ ಪಾರ್ಟಿಗೋಸ್ಕರ ಒಂದಿಡೀ ಕಾಕ್‌ಟೇಲ್ ಪುಸ್ತಕ ಬಾಯಿಪಾಠ ಮಾಡ್ಕೊಂಡು ಬರ್ತಾನಲ್ಲ, ಯಾರು ಏನ್ ಕೇಳಿದ್ರೂ ಟಕ್ ಅಂತ ಮಾಡಿ ಕೊಡ್ತಾನೆ, ಅಲ್ಲಿರೋರೆಲ್ಲ ಫಿದಾ. ಜನರ ಮಧ್ಯೆ ತಾನು ಇಷ್ಟ ಆಗ್ಬಹುದು ಅಂತ ಅವ್ನಿಗೆ ಗೊತ್ತಾಗೋ ರಾತ್ರಿ ಅದು.

ನಾನು ಇಲ್ಲಿಗೆ ಬಂದ ಹೊಸದ್ರಲ್ಲಿ ಓದಿದ್ದು. ಇಲ್ಲಿಯೋರ ಜೊತೆ ಆಫೀಸಲ್ಲಿ ಮಾತಾಡೋವಾಗ ನಂಗೂ ಅದೇ ಪಾಡು, ಹೌ ಆರ್ ಯೂ ಅಂದ್ರೆ ನಾನು ನಿಂತು ನಿಜವಾಗ್ಲೂ ಹೇಗಿದೀನಿ ಅಂತ ಹೇಳ್ತಿದ್ದೆ, ಕೇಳ್ದೋನು ಅಷ್ಟೊತ್ತಿಗೆ ಲಿಫ್ಟ್ ಹತ್ತಿರ್ತಿದ್ದ. ಬೇರೆ ದೇಶಕ್ಕೆ ಹೋದೋರೆಲ್ಲ ಸ್ವಲ್ಪ ದಿನ ಡಾನ್ ಟಿಲ್‌ಮನ್ನೇ. ಎಲ್ಲರಿಗೂ ಗೊತ್ತಿರೋ ನಿಯಮ ನಮಗೊಬ್ರಿಗೇ ಯಾರೂ ಹೇಳಿರಲ್ಲ.

ಇನ್ನೊಂದ್ ವಿಷಯ ಗೊತ್ತಾ, ಸಿಮ್ಸಿಯನ್ ಕತೆಗಾರ ಆಗೋಕೆ ಮುಂಚೆ ಐಟಿ ಕನ್ಸಲ್ಟೆಂಟ್. ಡೇಟಾ ಮಾಡೆಲಿಂಗ್ ಅವರ ಕ್ಷೇತ್ರ, ಅದ್ರಲ್ಲೇ ಪಿಎಚ್‌ಡಿ, ಅದ್ರ ಮೇಲೇ ಪಠ್ಯಪುಸ್ತಕ ಬರ್ದಿದಾರೆ. 50 ದಾಟಿದ ಮೇಲೆ ಚಿತ್ರಕತೆ ಬರೆಯೋದು ಕಲಿಯೋಕೆ ಹೋದ್ರು, ಇದು ಮೊದ್ಲು ಸಿನಿಮಾ ಸ್ಕ್ರಿಪ್ಟ್ ಆಗಿತ್ತು, ಆಮೇಲೆ ಕಾದಂಬರಿ ಮಾಡಿದ್ರು. ಹಸ್ತಪ್ರತಿಗೆ 2012ರಲ್ಲಿ ವಿಕ್ಟೋರಿಯಾ ರಾಜ್ಯದ ಪ್ರೀಮಿಯರ್ ಪ್ರಶಸ್ತಿ ಬಂತು, ಅದ್ರಲ್ಲಿ ಅಪ್ರಕಟಿತ ಕೃತಿಗಳಿಗೆ ಅಂತಲೇ ಇರೋ ವಿಭಾಗದಲ್ಲಿ. ಮುಂದಿನ ವರ್ಷ ಪುಸ್ತಕ ಬಂತು, ಆಮೇಲೆ ನಡೆದದ್ದು ಜಗತ್ತಿಗೇ ಗೊತ್ತು.

ಧಾರವಾಡ_ಫೇಡೆ:
ಐಟಿ ಮಂದಿ ಅಂತ ಈಗ ತಿಳೀತು ನೋಡ್ರಿ. ಹೆಂಡತಿ ಹುಡುಕೂದಕ್ಕ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಬರದಾನಲ್ಲ ಅಂತ ಆವಾಗ್ಲೇ ಡೌಟ್ ಬಂದಿತ್ತು.

ಇನ್ನೂ_ಬ್ಯಾಚುಲರ್:
ಮತ್ತೆ ಎಲ್ಲ ಪ್ರಾಜೆಕ್ಟ್ ಥರ ಕೊನೇಲಿ ರಿಕ್ವೈರ್‌ಮೆಂಟೇ ಚೇಂಜ್ ಆಗೋಯ್ತು 🤣

ನಿವೃತ್ತ_ಮೇಷ್ಟ್ರು:
ಮಕ್ಕಳೇ, ನಿಮ್ಮ ಚರ್ಚೆ ಓದಿ ಖುಷಿಯಾಯಿತು. ನಾನು ಈ ಪುಸ್ತಕವನ್ನು ಮಗಳ ಒತ್ತಾಯಕ್ಕೆ ಓದಿದೆ. ಮೂವತ್ತು ಪುಟ ಓದುವಷ್ಟರಲ್ಲಿ ನನಗೆ ನೆನಪಾದವನು ಜೇನ್ ಆಸ್ಟಿನ್‌ಳ ಮಿಸ್ಟರ್ ಕಾಲಿನ್ಸ್. 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಆ ಪಾದ್ರಿ ಎಲಿಜಬೆತ್ ಎದುರು ನಿಂತು ತಾನು ಮದುವೆಯಾಗಬೇಕೆಂದಿರುವ ಕಾರಣಗಳನ್ನು ಒಂದು, ಎರಡು, ಮೂರು ಎಂದು ಎಣಿಸಿ ಹೇಳುತ್ತಾನೆ. ಪಾದ್ರಿಯಾದವನು ಊರಿಗೆ ಮೇಲ್ಪಂಕ್ತಿಯಾಗಬೇಕು, ತನ್ನ ಸುಖ ಹೆಚ್ಚುತ್ತದೆ, ಮತ್ತು ತನ್ನ ಪೋಷಕಿ ಲೇಡಿ ಕ್ಯಾಥರಿನ್ ಮದುವೆಯಾಗು ಎಂದಿದ್ದಾರೆ. ಹುಡುಗಿ ಆಗುವುದಿಲ್ಲ ಎಂದರೆ, ಹೆಣ್ಣುಮಕ್ಕಳು ಮೊದಲು ಹಾಗೇ ಅನ್ನುತ್ತಾರೆ ಬಿಡಿ ಎನ್ನುತ್ತಾನೆ. ತರಗತಿಯಲ್ಲಿ ಇದನ್ನು ಓದಿಸುವಾಗ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು.

ಕಾಲಿನ್ಸನಿಗೂ ಪಟ್ಟಿ ಇದೆ, ಡಾನ್‌ಗೂ ಇದೆ. ಆದರೆ ಕಾಲಿನ್ಸನನ್ನು ನೋಡಿ ನಗುತ್ತೇವೆ, ಡಾನ್ ಜೊತೆ ನಗುತ್ತೇವೆ. ಕಾರಣ ನನಗೆ ಕಂಡಂತೆ ಇದು. ಕಾಲಿನ್ಸ್ ಎದುರಿಗಿರುವವಳ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲ, ಒಬ್ಬಳು ಒಲ್ಲೆ ಎಂದಳೆಂದು ಮೂರು ದಿನದಲ್ಲಿ ಅವಳ ಗೆಳತಿಯನ್ನು ಕೇಳುತ್ತಾನೆ, ಪಟ್ಟಿ ಹಾಗೇ ಇರುತ್ತದೆ. ಡಾನ್ ಕಿವಿಗೊಟ್ಟು ಕೇಳುತ್ತಾನೆ, ಅಪಾರ್ಥ ಮಾಡಿಕೊಳ್ಳುತ್ತಾನೆ, ಆದರೆ ಕೇಳುತ್ತಾನೆ. ಪ್ರಣಯ ಹಾಸ್ಯ ಎಂದರೆ ಬರೀ ತಮಾಷೆ ಎಂದು ತಳ್ಳಿಹಾಕುವ ವಿಮರ್ಶಕರಿಗೆ ಇಂಥ ಸೂಕ್ಷ್ಮ ಯಾಕೋ ಕಣ್ಣಿಗೆ ಬೀಳುವುದಿಲ್ಲ.

ಕಾಫಿಪುಡಿ:
ಸರ್ 🙏 ನನ್ ಪ್ರಶ್ನೆಗೆ ಅರ್ಧ ಉತ್ತರ ಸಿಕ್ತು. ಆಸ್ಟಿನ್ ಅಂದ್ರೆ ಬ್ರಿಜೆಟ್ ಜೋನ್ಸ್ ನೆನಪಾಗತ್ತೆ, ಹೆಲೆನ್ ಫೀಲ್ಡಿಂಗ್ ಅದನ್ನ 1995ರಲ್ಲಿ ಇಂಡಿಪೆಂಡೆಂಟ್ ಪತ್ರಿಕೇಲಿ ಅಂಕಣ ಥರ ಶುರು ಮಾಡಿದ್ದು, 1996ರಲ್ಲಿ ಪುಸ್ತಕ ಆಯ್ತು, ಹೀರೋ ಹೆಸರೂ ಪ್ರೈಡ್ ಅಂಡ್ ಪ್ರೆಜುಡಿಸ್ ಹೀರೋ ಥರ ಡಾರ್ಸಿ. ಅವ್ಳದ್ದೂ ಲೆಕ್ಕನೇ, ಇವತ್ತು ಎಷ್ಟು ತೂಕ, ಎಷ್ಟು ಸಿಗರೇಟು, ಎಷ್ಟು ಕ್ಯಾಲರಿ ಅಂತ ದಿನಾ ಡೈರಿ. ಆದ್ರೆ ಒಂದು ವ್ಯತ್ಯಾಸ ನೋಡಿ, ಅವ್ಳು ತನ್ನನ್ನ ತಾನು ಅಳೀತಾಳೆ, ನಾನು ಸಾಕಾಗಲ್ಲ ಅಂತ. ಡಾನ್ ಬೇರೆಯೋರನ್ನ ಅಳೀತಾನೆ. ಹೆಂಗಸು ಗಂಡಸು ಅಂತ ಬಂದಾಗ ಇದು ಹಿಂಗೇ ಯಾಕೆ ಅಂತ ಓದ್ತಾ ಓದ್ತಾ ಸ್ವಲ್ಪ ಸಿಟ್ಟೂ ಬಂತು.

ಕುಡ್ಲದ_ಗೋಳಿಬಜೆ:
ಅದೇ ನಾನು ಹೇಳಿದ್ದು ಅಕ್ಕ! ರೋಸಿ ಒಂದು ಪ್ರಶ್ನಾವಳಿ ಮಾಡಿದ್ರೆ ಆ ಪುಸ್ತಕ ಯಾರು ತಗೊಳ್ತಿದ್ರು? ಎಷ್ಟು ಅಹಂಕಾರ ಇವಳಿಗೆ ಅಂತ ಹೇಳ್ತಿದ್ರು ಅಷ್ಟೇ.

ಅರ್ಧಂಬರ್ಧ_ಪಿಎಚ್‌ಡಿ:
ಯಾರೂ ಮುಟ್ಟದೇ ಇರೋ ವಿಷಯ ನಾನು ಎತ್ತಲಾ? ಸೈಕಾಲಜಿ ಓದ್ತಿರೋಳು, ಸುಮ್ನಿರಕ್ಕೆ ಆಗ್ತಿಲ್ಲ.

ಡಾನ್‌ಗೆ ಆಟಿಸಂ ಇದೆ ಅಂತ ಪುಸ್ತಕ ಎಲ್ಲೂ ಬಾಯಿಬಿಟ್ಟು ಹೇಳಲ್ಲ. ಆದ್ರೆ ಶುರುವಿನಲ್ಲೇ ಒಂದು ಸೀನ್ ಇದೆ, ಗೆಳೆಯ ಜೀನ್ ಬದಲು ಇವ್ನು ಆಸ್ಪರ್ಗರ್ಸ್ (ಆಟಿಸಂನದೇ ಒಂದು ಬಗೆ) ಬಗ್ಗೆ ಲೆಕ್ಚರ್ ಕೊಡೋಕೆ ಹೋಗ್ತಾನೆ. ಲಕ್ಷಣಗಳೆಲ್ಲ ಓದ್ಕೊಂಡು ಹೋಗಿದಾನೆ, ಒಂದೊಂದನ್ನೂ ವಿವರಿಸ್ತಾನೆ, ತನಗೂ ಇದಕ್ಕೂ ಸಂಬಂಧ ಇದೆ ಅಂತ ತಲೆಗೇ ಬರಲ್ಲ. ಅಲ್ಲಿ ಕೂತಿರೋ ಅಪ್ಪ ಅಮ್ಮಂದಿರು ಮಕ್ಕಳಿಗೆ ಏನೋ ಕೊರತೆ ಅನ್ನೋ ಮುಖದಲ್ಲಿದ್ರೆ, ಇವ್ನು ಇದ್ರಿಂದ ಲಾಭ ಏನೇನು ಅಂತ ಹೇಳಿ ಮಕ್ಕಳನ್ನ ಹುರಿದುಂಬಿಸ್ತಾನೆ, ಮಕ್ಕಳು ಡೆಸ್ಕ್ ಹತ್ತಿ ಕೂಗ್ತಾರೆ, ಕರೆಸಿದ ಮೇಡಮ್ಮಿಗೆ ಏನ್ ಮಾಡೋದು ಗೊತ್ತಾಗಲ್ಲ. ನಗಿಸ್ತಾ ನಗಿಸ್ತಾ ಯಾರ ಪಕ್ಷ ಅಂತ ಅಲ್ಲೇ ಹೇಳ್ಬಿಟ್ಟಿದಾರೆ ಲೇಖಕರು.

ಅಂದ್ಹಾಗೆ ಪುಸ್ತಕ ಬಂದ 2013ರಲ್ಲೇ, ಮೇ ತಿಂಗಳಲ್ಲಿ, ಅಮೆರಿಕದ ಸೈಕಿಯಾಟ್ರಿಕ್ ಅಸೋಸಿಯೇಷನ್‌ನ ಡಿಎಸ್‌ಎಂ-5 (ಮಾನಸಿಕ ಸಮಸ್ಯೆಗಳನ್ನ ಗುರುತಿಸೋಕೆ ಡಾಕ್ಟರುಗಳು ಬಳಸೋ ಕೈಪಿಡಿ) ಬಂತು, ಅದ್ರಲ್ಲಿ ಆಸ್ಪರ್ಗರ್ಸ್ ಅನ್ನೋ ಪ್ರತ್ಯೇಕ ಹೆಸರೇ ತೆಗೆದು ಆಟಿಸಂ ಸ್ಪೆಕ್ಟ್ರಮ್ ಒಳಗೆ ಸೇರಿಸಿದ್ರು. ಹಂಗಾಗಿ ಈಗ ಓದೋವಾಗ ಆ ಭಾಗ ಸ್ವಲ್ಪ ಹಳೇದು ಅನ್ಸತ್ತೆ.

ನನ್ನ ತಕರಾರು ಬೇರೆ. ಡಾನ್ ಕೊನೇಲಿ ಬಟ್ಟೆ ಬದಲಾಯಿಸ್ತಾನೆ, ಹೇರ್‌ಕಟ್ ಬದಲಾಯಿಸ್ತಾನೆ, ರೊಮ್ಯಾಂಟಿಕ್ ಸಿನಿಮಾ ನೋಡಿ ನೋಟ್ಸ್ ಮಾಡ್ಕೋತಾನೆ. ಪ್ರೀತಿ ಸಿಗ್ಬೇಕು ಅಂದ್ರೆ ಎಲ್ಲರ ಥರ ಆಗ್ಬೇಕು ಅನ್ನೋ ಮೆಸೇಜ್ ಸ್ಪೆಕ್ಟ್ರಮ್ ಮೇಲಿರೋ ಓದುಗರಿಗೆ ಚುಚ್ಚತ್ತೆ, ಚುಚ್ಚಿದೆ ಅಂತ ಬರೆದೋರೂ ಇದಾರೆ. ನಮ್ಮನೇಲೇ ಒಬ್ರು ಇದಾರೆ ಹಿಂಗೆ, ಅವ್ರು ಓದಿ ನಕ್ಕಿದ್ದು ನಾನು ನಗದೇ ಇರೋ ಜಾಗದಲ್ಲಿ. ಜಾಕೆಟ್ ಸೀನಲ್ಲಿ ಒಂಚೂರೂ ನಗಲಿಲ್ಲ, ಸರಿಯಾಗೇ ಹೇಳಿದಾನಲ್ಲ ಇದ್ರಲ್ಲಿ ತಮಾಷೆ ಏನಿದೆ ಅಂದ್ರು. ಬಾಕಿಯೋರೆಲ್ಲ ಸುಳ್ಳು ಸುಳ್ಳೇ ಮಾತಾಡೋದನ್ನ ಡಾನ್ ವಿವರಿಸ್ತಾನಲ್ಲ, ಅಲ್ಲಿ ಹೊಟ್ಟೆ ಹಿಡ್ಕೊಂಡು ನಕ್ಕಿದ್ರು.

ಟ್ರಾಮ್_19:
ಇದು ತುಂಬಾ ಚೆನ್ನಾಗಿದೆ. ಮೂರನೇ ಪುಸ್ತಕ ಓದ್ಸಿ ಅವ್ರಿಗೆ, ದ ರೋಸಿ ರಿಸಲ್ಟ್, 2019ರದ್ದು. ಅದ್ರಲ್ಲಿ ಡಾನ್ ಮಗ ಹಡ್ಸನ್‌ಗೆ ಸ್ಕೂಲಲ್ಲಿ ತೊಂದ್ರೆ ಆಗಿ, ಅಲ್ಲಿ ಆಟಿಸಂ ವಿಷಯ ನೇರವಾಗೇ ತಗೊಂಡಿದಾರೆ. ಎರಡನೇದು, ದ ರೋಸಿ ಎಫೆಕ್ಟ್ 2014, ನ್ಯೂಯಾರ್ಕಲ್ಲಿ ನಡೆಯೋದು, ನಂಗೆ ಅಷ್ಟು ಹಿಡಿಸ್ಲಿಲ್ಲ, ಒಂದು ಮಾತಲ್ಲಿ ಬಗೆಹರಿಯೋದನ್ನ ಮುನ್ನೂರು ಪುಟ ಎಳೆದಂಗಿದೆ.

ಇನ್ನೂ_ಬ್ಯಾಚುಲರ್:
ಬ್ರೋ ಮಗ ಅಂದ್ಬಿಟ್ರಲ್ಲ!! ಮದುವೆ ಆಗತ್ತೋ ಇಲ್ವೋ ಅಂತ ನಾನಿನ್ನೂ ಅರ್ಧದಲ್ಲಿದೀನಿ

ಟ್ರಾಮ್_19:
ರೊಮ್ಯಾಂಟಿಕ್ ಕಾಮಿಡಿಲಿ ಮದುವೆ ಆಗ್ದೆ ಇನ್ನೇನ್ ಕೋರ್ಟ್ ಕೇಸ್ ಆಗತ್ತಾ ಗುರು. ಅಪ್ಪ ಯಾರು ಅಂತ ಹೇಳಲ್ಲ, ಅದು ಮಾತ್ರ ಗ್ಯಾರಂಟಿ.

ಧಾರವಾಡ_ಫೇಡೆ:
ಅಪ್ಪನ ಹೆಸರು ಯಾರರೆ ಹೇಳಿದ್ರ ಅವ್ರನ್ನ ಗುಂಪಿನಿಂದ ತಗದ ಹಾಕ್ರಿ ಅಡ್ಮಿನ್ನರ.

ಶಿರಸಿ_ಅಪ್ಪೆಹುಳಿ:
ಮೊದಲ್ನೇ ಪೋಸ್ಟಿನ ಪ್ರಶ್ನೆಗೆ ವಾಪಸ್ ಬರ್ತೀನಿ. ಡಾನ್‌ನ ಪ್ರಶ್ನಾವಳೀಲಿ ಯಾರ್ಯಾರನ್ನ ತೆಗೆದುಹಾಕ್ಬೇಕು ಅಂತ ಒಂದು ದೊಡ್ಡ ಪಟ್ಟಿ ಬರ್ತದಲ್ಲ, ಅದ್ರಲ್ಲಿ ಜಾತಕ ಭವಿಷ್ಯ ಓದೋರೂ ಇದ್ದಾರೆ, ಗಮನಿಸಿದ್ರಾ? ನಮ್ಮಲ್ಲಿ ಮೊದ್ಲ ಸುತ್ತಿನಲ್ಲಿ ಜಾತಕ ಇಲ್ದಿದ್ರೆ ಔಟು, ಅವ್ನ ಹತ್ರ ಇದ್ರೆ ಔಟು. ನಮ್ಮ ಸಾಲಾವಳಿಯಲ್ಲಿ 36ಕ್ಕೆ 18 ಗುಣ ಬಂದ್ರೆ ಪಾಸು ಮಾಡ್ತಾರೆ, ಡಾನ್ ಪರೀಕ್ಷೇಲಿ ಒಂದು ತಪ್ಪಾದ್ರೂ ಫೇಲು. ಜೋಯಿಸ್ರೇ ಉದಾರಿಗಳು ಅಂದ್ಹಾಗಾಯ್ತು 😀

ಆದ್ರೆ ಕಾಫಿಪುಡಿ ಅವ್ರೇ, ನಮ್ಮ ಬಯೋಡೇಟಾ ಮತ್ತು ಅವ್ನ ಪ್ರಶ್ನಾವಳಿ ಒಂದೇ ಅಂತ ನಂಗೆ ಅನ್ನಿಸೂದಿಲ್ಲ. ಬಯೋಡೇಟಾ ಬರೆಯೋದು ಅಪ್ಪ, ಓದೋದು ಎದುರಿನ ಅಪ್ಪ, ಹುಡುಗ ಹುಡುಗಿ ಇಬ್ರೂ ಆ ಹಾಳೆಯ ಒಳಗೆ ಇರೋ ಸಾಮಾನು. ಡಾನ್ ಪೆದ್ದನಾದ್ರೂ ತನ್ನ ಪಟ್ಟಿ ತಾನೇ ಬರ್ಕೊಂಡಿದ್ದಾನೆ, ತನಗೆ ಏನು ಬೇಕು ಅಂತ ತಾನೇ ಯೋಚ್ನೆ ಮಾಡಿದ್ದಾನೆ. ಆಮೇಲೆ ತಾನೇ ಹರಿದುಹಾಕೋಕೆ ಬರ್ತದೆ. ನಮ್ಮ ಹಾಳೆ ಹರಿಯೋಕೆ ಎರಡು ಮನೆಯವ್ರೂ ಒಪ್ಪಬೇಕಲ್ಲ.

ಹೆಣ್ಣು ಹುಡುಕೋದನ್ನ ಇಟ್ಕೊಂಡು ನಗಿಸೋದು ನಮಗೆ ಹೊಸದೂ ಅಲ್ಲ. ನಮ್ಮ ಹೊನ್ನಾವರದ ಹತ್ರ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲೇ ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ ಬರೆದ್ರು, ಹವ್ಯಕ ಭಾಷೆಯಲ್ಲಿ. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕ ಅಂತ ಅದನ್ನ ಹೇಳ್ತಾರೆ. ಆಗ ಹೆಣ್ಣಿಗೆ ದುಡ್ಡು ತಗೊಂಡು ಮದುವೆ ಮಾಡ್ತಿದ್ದ ಕನ್ಯಾವಿಕ್ರಯದ ಮೇಲೆ ಸಿಟ್ಟು ಅದು, ನಗು ಅದರ ಮೇಲಿನ ಲೇಪ. ಈಗ ಅದೇ ಊರಲ್ಲಿ ಅಡಿಕೆ ತೋಟ ಇರೋ ಮಾಣಿಗಳಿಗೆ ಹುಡುಗಿ ಸಿಕ್ತಾ ಇಲ್ಲೆ.

ಸಕ್ಕರೆನಾಡಿನ್_ಹೈದ:
ಅಣ್ಣೋ ನಿಮ್ಕಡೆ ಅಡಿಕೆ ತೋಟ ಇದ್ದೂ ಸಿಗ್ತಿಲ್ಲ ಅಂದ್ರೆ ನಮ್ ಕಬ್ಬಿನ್ ಗದ್ದೆ ಯಾರ್ ಕೇಳ್ತಾರಣ್ಣ. 2023 ಫೆಬ್ರವರಿಲಿ ನಮ್ ಮಂಡ್ಯ ಕಡೆ ಹೈಕ್ಳು ಮಾದಪ್ಪನ್ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಅಂತಾನೇ ನಡ್ಕೊಂಡ್ ಹೋದ್ರಲ್ಲ, ಹೆಣ್ ಸಿಗ್ಲಪ್ಪ ಮಾದಪ್ಪ ಅಂತ, ಪೇಪರ್‌ನಾಗೆಲ್ಲ ಬಂತು. ಜನ ನಕ್ರು. ನಾನೂ ನಕ್ಕೆ, ನನ್ ಫ್ರೆಂಡ್ ಒಬ್ಬ ಅದ್ರಾಗವ್ನೆ ಅಂತ ಗೊತ್ತಾಗೋಗಂಟ.

ಈ ಇಂಗ್ಲಿಷ್ ಪುಸ್ತಕ ನಾನ್ ಓದಿಲ್ಲ. ನೀವ್ ಹೇಳೋದ್ ಕೇಳಿದ್ರೆ ಆ ಡಾನ್ ಪ್ರೊಫೆಸರು, ಸಂಬ್ಳ ಐತೆ, ಮನೆ ಐತೆ, ಹುಡ್ಗೀರು ಫಾರಂ ತುಂಬ್ಕೊಡಕ್ಕೆ ಬತ್ತಾವ್ರೆ. ನಮ್ಗೆ ಯಾರೂ ಫಾರಮ್ಮೇ ಕೊಡಲ್ವಲ್ಲ ಗುರು. ಆ ಪಾದಯಾತ್ರೆ ಮೇಲೆ ಯಾರಾದ್ರೂ ಇಂಥದೊಂದು ಕಾದಂಬರಿ ಬರೀರಪ್ಪ. ನಗಿಸ್ಬೇಕು, ಅವಮಾನ ಮಾಡ್ಬಾರ್ದು.

ಅರ್ಧಂಬರ್ಧ_ಪಿಎಚ್‌ಡಿ:
ನಗಿಸ್ಬೇಕು ಅವಮಾನ ಮಾಡ್ಬಾರ್ದು. ನಾನು ಅಷ್ಟುದ್ದ ಬರೆದಿದ್ದನ್ನ ನೀವು ಒಂದೇ ಸಾಲಲ್ಲಿ ಹೇಳಿದ್ರಿ ಅಣ್ಣ.

ಕಾಫಿಪುಡಿ:
ಹೈದ ಅವ್ರೇ, ಬರೆಯೋದಾದ್ರೆ ಆ ನಡೆಯೋ ಹುಡುಗನೇ ಕತೆ ಹೇಳ್ಬೇಕು, ಪೂರ್ತಿ ಸೀರಿಯಸ್ಸಾಗಿ. ಕಾಲಿಗೆ ಬೊಬ್ಬೆ ಬಂದಿದ್ದು, ಯಾರ ಮನೆ ಮುಂದೆ ಮಜ್ಜಿಗೆ ಕೊಟ್ರು, ಮಜ್ಜಿಗೆ ಕೊಟ್ಟ ಮನೇಲಿ ಹುಡುಗಿ ಇದ್ಳಾ, ಎಲ್ಲ ವರದಿ ಕೊಡ್ತಾ ಹೋಗ್ಬೇಕು. ಅವ್ನಾಗೇ ಜೋಕ್ ಮಾಡಕ್ಕೆ ಶುರು ಮಾಡಿದ್ರೆ ಕೆಡ್ತು.

ಶಿರಸಿ ಅವ್ರ ಮಾತು ಒಪ್ಪಿದೆ, ತನ್ನ ಪಟ್ಟಿ ತಾನೇ ಬರೆದೋನು ತಾನೇ ಹರೀಬಹುದು ಅನ್ನೋದು. ಅದು ನಂಗೆ ಹೊಳೆದಿರ್ಲಿಲ್ಲ. ಆದ್ರೆ ಗೋಳಿಬಜೆ ಕೇಳಿದ್ದಕ್ಕೆ ಉತ್ತರ ಇಲ್ಲ ನನ್ ಹತ್ರ, ರೋಸಿ ಕಣ್ಣಿಂದ ಇದೇ ಕತೆ ಹೇಳಿದ್ರೆ ನಗು ಬರ್ತಿತ್ತಾ? ಗಂಟೆಗಟ್ಲೆ ಆಹಾರದ ವೇಳಾಪಟ್ಟಿ ಬಗ್ಗೆ ಕೇಳ್ತಾ ಕೂತಿರೋದು ಓದೋಕೆ ಮಜಾ, ಮದುವೆ ಆಗಿ ಬಾಳೋಕೆ? ನಮ್ಮೆಜಮಾನ್ರು ಪಾತ್ರೆ ಜೋಡಿಸೋ ಕ್ರಮಕ್ಕೇ ನಂಗೆ ತಲೆ ಕೆಡತ್ತೆ.

ಕುಡ್ಲದ_ಗೋಳಿಬಜೆ:
ಹಾಂ, ಈಗ ಬಂದ್ರಲ್ಲ ದಾರಿಗೆ 😄 ಆದ್ರೆ ಒಂದು ಒಪ್ಪಿಕೊಳ್ತೇನೆ, ಆ ಅಸ್ಥಿಪಂಜರದ ಜೊತೆ ಡ್ಯಾನ್ಸ್ ಪ್ರಾಕ್ಟೀಸ್ ಮಾಡುವ ಭಾಗ ಉಂಟಲ್ಲ, ಯೂನಿವರ್ಸಿಟಿಯ ಎಲುಬುಗೂಡನ್ನು ತಂದು ಸ್ಟೆಪ್ಸ್ ಕಲಿಯುವುದು, ಅದು ಓದುವಾಗ ನನ್ನ ಚಾ ಮೂಗಿನಲ್ಲಿ ಬಂತು. ಆಮೇಲೆ ನಿಜವಾದ ಹೆಂಗಸಿನ ಜೊತೆ ಫ್ಲೋರಿಗೆ ಇಳಿದಾಗ ಆಗುವ ಅವಸ್ಥೆ! ಎಲುಬುಗೂಡು ಕಾಲು ತುಳಿದ್ರೆ ಬೊಬ್ಬೆ ಹೊಡೆಯುವುದಿಲ್ಲ ಅಂತ ಅವನಿಗೆ ಯಾರು ಹೇಳ್ಬೇಕು.

ನಿವೃತ್ತ_ಮೇಷ್ಟ್ರು:
ರೋಸಿಯ ಕಣ್ಣಿನಿಂದ ಹೇಳಿದರೆ ಅದು ಬೇರೆ ಪುಸ್ತಕವಾಗುತ್ತದೆ, ಬಹುಶಃ ಇನ್ನೂ ಒಳ್ಳೆಯದು. ಆದರೆ ಆಗ ಡಾನ್ ಹೊರಗಿನಿಂದ ಕಾಣುವ ವಿಚಿತ್ರ ಮನುಷ್ಯನಷ್ಟೇ ಆಗಿಬಿಡುತ್ತಾನೆ. ಒಳಗಿನಿಂದ ನೋಡಿದ್ದಕ್ಕೇ ಜಾಕೆಟ್ಟಿನ ಜಗಳದಲ್ಲಿ ನಾವೆಲ್ಲ ಅವನ ಪರ ನಿಂತಿದ್ದು.

ಇನ್ನೂ_ಬ್ಯಾಚುಲರ್:
ನಿನ್ನೆ ರಾತ್ರಿ ಕೂತು ಮುಗಿಸ್ದೆ. ಅಪ್ಪ ಯಾರು ಅಂತ ಗೊತ್ತಾಯ್ತು, ಹೇಳಲ್ಲ. ಬೆಳಗ್ಗೆ ಅಮ್ಮ ಇನ್ನೊಂದು ಬಯೋಡೇಟಾ ತಂದ್ರು, ಹುಡುಗಿಯ ಹವ್ಯಾಸ ಕಾಲಂನಲ್ಲಿ ‘ಓದುವುದು’ ಅಂತಿದೆ. ಏನ್ ಓದ್ತಾರೆ ಅಂತ ಕೇಳಿ ಅಂದೆ. ಅಮ್ಮ, ಅದನ್ನೆಲ್ಲ ಯಾರಾದ್ರೂ ಕೇಳ್ತಾರೇನೋ ಅಂದ್ರು.

ಧಾರವಾಡ_ಫೇಡೆ:
ನೀವ ಫೋನ್ ಮಾಡಿ ಕೇಳ್ರಿ! ಎ ಖಾತಾ ಕೇಳ್ಯಾರಂತ ಅವ್ರು, ನೀವು ಪುಸ್ತಕ ಕೇಳಿದ್ರ ಏನಾತು. ಆಮ್ಯಾಲ ಇಲ್ಲಿ ಬಂದು ಹೇಳ್ರಿ ಮತ್ತ.